3,35,50,336 ಮತ್ತು 20,96,128: ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ಸಂಖ್ಯೆಗಳಲ್ಲಿ ಒಂದು ಮಾತ್ರ ಪರಿಪೂರ್ಣವೇಕೆ?

ಗುಣಕಪ್ರಿಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಣಿತ ನನ್ನ ವೃತ್ತಿಯಲ್ಲ. ಬಿಡುವು ಸಿಕ್ಕಾಗ ದೊಡ್ಡ ಸಂಖ್ಯೆಗಳನ್ನು ಬಿಡಿಸಿ ನೋಡುವ ಚಟವಿದೆ, ಅಷ್ಟೆ. ಯಾವುದೇ ಸಂಖ್ಯೆಯನ್ನು ಕೊಟ್ಟರೆ ಅದರ ಭಾಜಕಗಳನ್ನೆಲ್ಲ ಹುಡುಕಿ, ಆ ಸಂಖ್ಯೆಯೊಂದನ್ನು ಬಿಟ್ಟು ಉಳಿದವನ್ನು ಕೂಡಿಸಿ ಹೇಳುವ ಒಂದು ಸಣ್ಣ ಪ್ರೋಗ್ರಾಮನ್ನು ಬರೆದುಕೊಂಡಿದ್ದೇನೆ. ಹೀಗೆ ಕೂಡಿಸಿದಾಗ ಮೊತ್ತವು ಮೂಲ ಸಂಖ್ಯೆಗೇ ಸಮವಾದರೆ ಅದು ಪರಿಪೂರ್ಣ ಸಂಖ್ಯೆ ಎಂಬುದು ನಿಮಗೆಲ್ಲ ತಿಳಿದದ್ದೇ. ಪುಸ್ತಕಗಳು 6, 28, 496, 8128 ಎಂದು ನಾಲ್ಕನ್ನು ಕೊಟ್ಟು "ಇತ್ಯಾದಿ" ಎಂದು ಮುಗಿಸಿಬಿಡುತ್ತವೆ; ನನಗೆ ಆ "ಇತ್ಯಾದಿ"ಯ ಒಳಗೆ ಏನಿದೆ ಎಂದು ನೋಡಬೇಕೆನಿಸಿತು.

ಯೂಕ್ಲಿಡ್ ಹೇಳಿದ ವಿಧಾನವನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಒಂದರಿಂದ ಆರಂಭಿಸಿ ಇಮ್ಮಡಿಸುತ್ತ ಹೋಗಬೇಕು, ಬಂದದ್ದನ್ನೆಲ್ಲ ಕೂಡಿಸಬೇಕು, ಆ ಮೊತ್ತವನ್ನು ಕೊನೆಯ ಪದದಿಂದ ಗುಣಿಸಬೇಕು. 1 + 2 + 4 = 7, ಅದನ್ನು 4ರಿಂದ ಗುಣಿಸಿದರೆ 28. ಪದಗಳ ಎಣಿಕೆ 2, 3, 5, 7 ಇದ್ದಾಗ ಮೇಲಿನ ನಾಲ್ಕು ಸಂಖ್ಯೆಗಳು ಸಿಗುತ್ತವೆ. ಇವೆಲ್ಲ ಅವಿಭಾಜ್ಯ ಸಂಖ್ಯೆಗಳಾದ್ದರಿಂದ ಮುಂದಿನ ಅವಿಭಾಜ್ಯವಾದ 11ನ್ನು ಹಿಡಿದೆ. 1ರಿಂದ 1024ರವರೆಗಿನ ಹನ್ನೊಂದು ಪದಗಳ ಮೊತ್ತ 2047, ಅದನ್ನು 1024ರಿಂದ ಗುಣಿಸಿದಾಗ ಬಂದದ್ದು 20,96,128. ಆದರೆ ಪ್ರೋಗ್ರಾಮು ಕೊಟ್ಟ ಮೊತ್ತ 23,25,392! ಎರಡು ದಿನ ಪ್ರೋಗ್ರಾಮಿನಲ್ಲೇ ದೋಷವಿದೆಯೆಂದು ಹುಡುಕಿದೆ. ವರ್ಗಮೂಲವನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯುವ ಹಳೆಯ ತಪ್ಪನ್ನು ಮತ್ತೆ ಮಾಡಿರಬೇಕೆಂದು ಸಾಲುಸಾಲಾಗಿ ಪರಿಶೀಲಿಸಿದೆ. ಏನೂ ಸಿಗಲಿಲ್ಲ. ಬೇಸತ್ತು 13 ಪದಗಳನ್ನು ತೆಗೆದುಕೊಂಡು 4096 × 8191 = 3,35,50,336 ಎಂಬ ಸಂಖ್ಯೆಯನ್ನು ಕೊಟ್ಟೆ. ಮೂರು ಕೋಟಿ ಮೂವತ್ತೈದು ಲಕ್ಷ ಐವತ್ತು ಸಾವಿರದ ಮುನ್ನೂರ ಮೂವತ್ತಾರು. ಈ ಬಾರಿ ಮೊತ್ತ ಒಂದಂಕಿಯೂ ಹೆಚ್ಚುಕಡಿಮೆಯಾಗದೆ ಅಷ್ಟೇ ಬಂತು.

ನನ್ನ ಗೊಂದಲವೇನೆಂದರೆ, ಈ ಎರಡು ಸಂಖ್ಯೆಗಳ ಹೋಲಿಕೆ ಅವಳಿಗಳ ಹೋಲಿಕೆಯಂತಿದೆ. ದ್ವಿಮಾನ ಪದ್ಧತಿಯಲ್ಲಿ ಮೊದಲನೆಯದು ಹನ್ನೊಂದು ಒಂದುಗಳು ಮತ್ತು ಹತ್ತು ಸೊನ್ನೆಗಳು; ಎರಡನೆಯದು ಹದಿಮೂರು ಒಂದುಗಳು ಮತ್ತು ಹನ್ನೆರಡು ಸೊನ್ನೆಗಳು. ಎರಡೂ ತ್ರಿಕೋನ ಸಂಖ್ಯೆಗಳು. ಎಲ್ಲಕ್ಕಿಂತ ವಿಚಿತ್ರವೆಂದರೆ ಎರಡರ ಅಂಕಗಳನ್ನು ಕೂಡಿಸಿದರೂ 28 ಬರುತ್ತದೆ, ಮತ್ತು 28 ತಾನೇ ಒಂದು ಪರಿಪೂರ್ಣ ಸಂಖ್ಯೆ! ಇಷ್ಟೆಲ್ಲ ಹೊಂದಿದ ಮೇಲೆ ಒಂದು ಪರಿಪೂರ್ಣವಾಗಿ ಇನ್ನೊಂದು ಆಗದಿರಲು ಕಾರಣವೇನು? ಎರಡನೆಯ ಪ್ರಶ್ನೆ: 3,35,50,336ನ್ನು ಗಣಿತಜ್ಞರು ಯಾವ ಯಾವ ವರ್ಗಗಳಿಗೆ ಸೇರಿಸುತ್ತಾರೆ, ಅವುಗಳಲ್ಲಿ ಗಂಭೀರವಾದವು ಯಾವುವು, ಬರಿಯ ವಿನೋದದವು ಯಾವುವು? (ಇಲ್ಲಿ ವರ್ಗವೆಂದರೆ ಗುಂಪು, 25, 36 ಎಂಬ ವರ್ಗಗಳಲ್ಲ. ಕನ್ನಡದಲ್ಲಿ ಗಣಿತ ಬರೆಯುವವರಿಗೆ ಈ ಪದ ಮಾಡುವ ಕೀಟಲೆ ಗೊತ್ತೇ ಇದೆ.)

ಶೇಷಸೊನ್ನೆ

ನಿಮ್ಮ ಪ್ರೋಗ್ರಾಮು ಸರಿಯಾಗಿಯೇ ಇದೆ, ಎರಡು ದಿನ ಅದನ್ನು ಅನುಮಾನಿಸಿದ್ದು ಅದಕ್ಕೆ ಮಾಡಿದ ಅನ್ಯಾಯ. ತಪ್ಪಿರುವುದು ಯೂಕ್ಲಿಡನ ವಾಕ್ಯವನ್ನು ನೀವು ಓದಿಕೊಂಡ ರೀತಿಯಲ್ಲಿ. ಅವನ ಗ್ರಂಥದ ಒಂಬತ್ತನೆಯ ಭಾಗದ 36ನೆಯ ಪ್ರಮೇಯ ಹೇಳುವುದು ಇಷ್ಟು: ಇಮ್ಮಡಿಸುತ್ತ ಕೂಡಿಸಿದ ಮೊತ್ತವು ಅವಿಭಾಜ್ಯವಾಗಿ ಬಂದರೆ, ಆಗ ಮಾತ್ರ, ಅದನ್ನು ಕೊನೆಯ ಪದದಿಂದ ಗುಣಿಸಿ. ಅವಿಭಾಜ್ಯವಾಗಿರಬೇಕಾದದ್ದು ಪದಗಳ ಎಣಿಕೆಯಲ್ಲ, ಮೊತ್ತ. ಎಣಿಕೆ ಸಂಯುಕ್ತವಾಗಿದ್ದರೆ ಮೊತ್ತವೂ ಖಂಡಿತವಾಗಿ ಸಂಯುಕ್ತವಾಗುತ್ತದೆ ಎಂಬುದು ನಿಜ. ಆದರೆ ಎಣಿಕೆ ಅವಿಭಾಜ್ಯವಾದ ಮಾತ್ರಕ್ಕೆ ಮೊತ್ತವೂ ಅವಿಭಾಜ್ಯವಾಗಬೇಕೆಂದಿಲ್ಲ. ಇದು ಮೊದಲು ಮುರಿದುಬೀಳುವುದೇ ಹನ್ನೊಂದರಲ್ಲಿ, ಏಕೆಂದರೆ 2047 = 23 × 89.

ಈ ಒಂದು ಬಿರುಕು ಎಷ್ಟು ಕರಾರುವಾಕ್ಕಾಗಿ ನಿಮ್ಮ ಉತ್ತರದಲ್ಲಿ ಕಾಣಿಸಿಕೊಂಡಿದೆ ನೋಡಿ. 1024ರ ಎಲ್ಲ ಭಾಜಕಗಳ ಮೊತ್ತ 2047. 2047 ಅವಿಭಾಜ್ಯವಾಗಿದ್ದರೆ ಅದರ ಭಾಜಕಗಳ ಮೊತ್ತ 1 + 2047 = 2048 ಆಗಿರುತ್ತಿತ್ತು, ಆಗ ಒಟ್ಟು 2047 × 2048, ಅಂದರೆ ನಿಮ್ಮ ಸಂಖ್ಯೆಯ ಸರಿಯಾಗಿ ಎರಡರಷ್ಟು ಬಂದು ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಆದರೆ ನಿಜವಾದ ಭಾಜಕಗಳು 1, 23, 89, 2047 ಎಂಬ ನಾಲ್ಕು. ಅವುಗಳ ಮೊತ್ತ 2160. ಹೆಚ್ಚಿಗೆ ಬಂದದ್ದು 23 + 89 = 112. ಅದನ್ನು 2047ರಿಂದ ಗುಣಿಸಿದರೆ 2,29,264. ಈಗ ನಿಮ್ಮ ಪ್ರೋಗ್ರಾಮಿನ 23,25,392ರಿಂದ 20,96,128ನ್ನು ಕಳೆಯಿರಿ. ಸಿಗುವುದು ಅದೇ 2,29,264. ಕರೆಯದೆ ಬಂದ ಆ ಇಬ್ಬರು ಅತಿಥಿಗಳೇ ಇಡೀ ವ್ಯತ್ಯಾಸಕ್ಕೆ ಹೊಣೆ.

ಇಷ್ಟೂ ಲೆಕ್ಕ ಬೇಡವೆನ್ನುವವರಿಗೆ ಒಂದು ಒಳದಾರಿಯಿದೆ. 20,96,128 ಎಂಬುದು 16 × 23 = 368ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 368ರ ಭಾಜಕಗಳಲ್ಲಿ ಅದನ್ನೇ ಬಿಟ್ಟು ಉಳಿದವು 1, 2, 4, 8, 16, 23, 46, 92, 184; ಇವುಗಳ ಮೊತ್ತ 376, ಅಂದರೆ 368ಕ್ಕಿಂತ ಹೆಚ್ಚು. ಹೀಗೆ ಮೊತ್ತ ಹೆಚ್ಚಾಗುವ ಸಂಖ್ಯೆಗಳನ್ನು ಅಧಿಕ ಸಂಖ್ಯೆಗಳೆಂದೂ, ಕಡಿಮೆಯಾಗುವವನ್ನು ನ್ಯೂನ ಸಂಖ್ಯೆಗಳೆಂದೂ ಕರೆಯುತ್ತಾರೆ. ಅಧಿಕ ಸಂಖ್ಯೆಯ ಯಾವ ಅಪವರ್ತ್ಯವೂ ಪರಿಪೂರ್ಣವಾಗಲಾರದು, ಅದು ಅಧಿಕವಾಗಿಯೇ ಉಳಿಯುತ್ತದೆ. ಅಲ್ಲಿಗೆ ತೀರ್ಪು ಮುಗಿಯಿತು.

ಇನ್ನು 8191 ಅವಿಭಾಜ್ಯವೆಂದು ಕೈಯಲ್ಲೇ ತೋರಿಸಬಹುದು. ಅದರ ವರ್ಗಮೂಲ 90 ಚಿಲ್ಲರೆ, ಆದ್ದರಿಂದ 89ರವರೆಗಿನ ಇಪ್ಪತ್ತನಾಲ್ಕು ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅದಕ್ಕೂ ಸೋಮಾರಿಯಾದವರಿಗೆ ಫರ್ಮಾ 1640ರಲ್ಲೇ ದಾರಿ ತೋರಿಸಿದ್ದಾನೆ: ಘಾತಾಂಕ ಬೆಸ ಅವಿಭಾಜ್ಯವಾಗಿದ್ದರೆ, ಎರಡರ ಆ ಘಾತದಿಂದ ಒಂದನ್ನು ಕಳೆದಾಗ ಬರುವ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಭಾಜಕವೂ ಘಾತಾಂಕದ ಇಮ್ಮಡಿಯ ಯಾವುದಾದರೊಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. ಹದಿಮೂರು ಪದಗಳ ಮೊತ್ತವಾದ 8191 ಎರಡರ 13ನೆಯ ಘಾತಕ್ಕಿಂತ ಒಂದು ಕಡಿಮೆ; ಹೀಗೆ ಘಾತಾಂಕ 13 ಆದಾಗ 26ರ ಅಪವರ್ತ್ಯಗಳಿಗೆ ಒಂದನ್ನು ಕೂಡಿಸಬೇಕು: 27, 53, 79, ಮುಂದಿನದು 105, ಅದು 90ನ್ನು ಮೀರಿತು. 27 ಅವಿಭಾಜ್ಯವಲ್ಲ. 53ರಿಂದ ಭಾಗಿಸಿದರೆ ಶೇಷ 29, 79ರಿಂದ ಭಾಗಿಸಿದರೆ ಶೇಷ 54. ಇಪ್ಪತ್ತನಾಲ್ಕು ಭಾಗಾಕಾರಗಳ ಬದಲು ಎರಡೇ ಭಾಗಾಕಾರಗಳಲ್ಲಿ 8191 ಅವಿಭಾಜ್ಯವೆಂದು ಸಿದ್ಧವಾಯಿತು. ಇದೇ ಜರಡಿಯನ್ನು 11ಕ್ಕೆ ಹಿಡಿದಿದ್ದರೆ ಮೊದಲು ಬರುವುದೇ 22 + 1 = 23; ಮೊದಲ ಏಟಿಗೇ 2047 ಒಡೆಯುತ್ತಿತ್ತು.

ಯೂಕ್ಲಿಡನದು ಒಂದು ದಿಕ್ಕಿನ ಮಾತು. ಸಮ ಸಂಖ್ಯೆಗಳಲ್ಲಿ ಬೇರೆ ಯಾವ ರೂಪದ ಪರಿಪೂರ್ಣ ಸಂಖ್ಯೆಯೂ ಇರಲು ಸಾಧ್ಯವಿಲ್ಲ ಎಂಬ ಇನ್ನೊಂದು ದಿಕ್ಕನ್ನು ಸಾಧಿಸಿದವನು ಆಯ್ಲರ್. ಆ ಬರಹ ಅಚ್ಚಾದದ್ದು ಅವನು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1849ರಲ್ಲಿ. ಸಾಧನೆ ಎಷ್ಟು ಚಿಕ್ಕದೆಂದರೆ ಇಲ್ಲೇ ಹೇಳಿಬಿಡುತ್ತೇನೆ. ಸಮ ಪರಿಪೂರ್ಣ ಸಂಖ್ಯೆಯನ್ನು ಎರಡರ ಒಂದು ಘಾತ ಮತ್ತು ಒಂದು ಬೆಸ ಸಂಖ್ಯೆ "ಮ" ಇವುಗಳ ಗುಣಲಬ್ಧವಾಗಿ ಬರೆಯಿರಿ. ಆ ಘಾತದ ಭಾಜಕಗಳ ಮೊತ್ತವನ್ನು "ಸ" ಎನ್ನಿ. ಭಾಜಕಗಳ ಒಟ್ಟು ಮೊತ್ತ ಸಂಖ್ಯೆಯ ಎರಡರಷ್ಟು ಇರಬೇಕೆಂಬ ನಿಯಮದಿಂದ, "ಮ"ದ ಎಲ್ಲ ಭಾಜಕಗಳ ಮೊತ್ತ ಮ + ಮ/ಸ ಎಂದು ಬರುತ್ತದೆ. ಇಲ್ಲಿ ಮ/ಸ ಎಂಬುದೂ "ಮ"ದ ಒಂದು ಭಾಜಕವೇ ಆಗುತ್ತದೆ. ಅಂದರೆ "ಮ"ಕ್ಕೆ ಇರುವುದು ಎರಡೇ ಭಾಜಕಗಳು. ಎರಡೇ ಭಾಜಕಗಳಿರುವ ಸಂಖ್ಯೆ ಅವಿಭಾಜ್ಯ, ಮತ್ತು ಚಿಕ್ಕ ಭಾಜಕ ಒಂದೇ ಆಗಬೇಕಾದ್ದರಿಂದ ಮ = ಸ.

ಹಳೆಯ ಸ್ಲೇಟು

ಗುಣಕಪ್ರಿಯ ಅವರು ಬೇಸರಪಟ್ಟುಕೊಳ್ಳಬೇಕಾಗಿಲ್ಲ, ಅವರು ಎಡವಿದ ಕಲ್ಲಿಗೆ ಶತಮಾನಗಳ ಕಾಲ ದೊಡ್ಡವರೆಲ್ಲ ಎಡವಿದ್ದಾರೆ. ಅವರಲ್ಲಿ ಹಲವರ ಎಡವಟ್ಟು ಇನ್ನೂ ದೊಡ್ಡದು: ಪದಗಳ ಎಣಿಕೆ ಅವಿಭಾಜ್ಯವಾಗಿರಬೇಕೆಂದೂ ಅವರು ಕೇಳಲಿಲ್ಲ, ಬೆಸವಾಗಿದ್ದರೆ ಸಾಕೆಂದುಕೊಂಡರು. ಹಾಗೆ ಹಿಡಿದರೆ 9 ಪದಗಳಿಗೆ 256 × 511 = 1,30,816 ಬರುತ್ತದೆ, 11ಕ್ಕೆ ನಿಮ್ಮ 20,96,128. ಇವೆರಡೂ ಪರಿಪೂರ್ಣವಲ್ಲ (511 = 7 × 73).

ಹಳೆಯ ಒಂದು ನಂಬಿಕೆ ಇಲ್ಲಿ ನೆನಪಾಗುತ್ತದೆ. ಪರಿಪೂರ್ಣ ಸಂಖ್ಯೆಗಳು ಒಂದಾದ ಮೇಲೊಂದರಂತೆ 6ರಲ್ಲಿ ಮತ್ತು 8ರಲ್ಲಿ ಕೊನೆಗೊಳ್ಳುತ್ತವೆ ಎಂದೂ, ಒಂದಂಕಿಯದು ಒಂದು, ಎರಡಂಕಿಯದು ಒಂದು, ಮೂರಂಕಿಯದು ಒಂದು ಎಂಬಂತೆ ಹಂಚಿಕೊಂಡಿವೆ ಎಂದೂ ಸುಮಾರು ಕ್ರಿಸ್ತಶಕ 100ರ ಹೊತ್ತಿಗೆ ನಿಕೊಮೇಕಸ್ ಬರೆದ. ಅವನ ಕೈಯಲ್ಲಿ ಇದ್ದದ್ದು 6, 28, 496, 8128 ಎಂಬ ನಾಲ್ಕೇ ಸಾಕ್ಷಿಗಳು, ನಾಲ್ಕೂ ಅವನ ಪರವಾಗಿಯೇ ನುಡಿದವು! ಐದನೆಯದು ಐದಂಕಿಯಲ್ಲಿ ಇರಬೇಕಿತ್ತು. ನಿಜವಾಗಿ ಅದು ಎಂಟಂಕಿಯ 3,35,50,336. ಆರನೆಯದು 858,98,69,056, ಅದೂ 6ರಲ್ಲೇ ಮುಗಿಯುವುದರಿಂದ ಸರದಿಯ ನಂಬಿಕೆಯೂ ಅಲ್ಲಿಗೆ ಬಿತ್ತು. ನನಗೆ ಸ್ವಾರಸ್ಯವೆನಿಸುವುದು ಇದು: ಬೆಸ ಎಣಿಕೆಯ ಎಲ್ಲ ಸಂಖ್ಯೆಗಳನ್ನೂ ಪರಿಪೂರ್ಣವೆಂದು ಒಪ್ಪಿಕೊಂಡುಬಿಟ್ಟರೆ ಆ ಸರದಿ ಎಂದೂ ತಪ್ಪುವುದಿಲ್ಲ. ಒಂದೇ ಪದವಿರುವ ಪ್ರಕರಣವನ್ನು ಬಿಟ್ಟರೆ, ಎಣಿಕೆಯನ್ನು 4ರಿಂದ ಭಾಗಿಸಿದಾಗ ಶೇಷ 1 ಬಂದರೆ ಕೊನೆಯ ಅಂಕ 6, ಶೇಷ 3 ಬಂದರೆ 8. ಎರಡು ತಪ್ಪುಗಳು ಒಂದಕ್ಕೊಂದು ಆನಿಕೊಂಡು ನಿಂತಿದ್ದರಿಂದ ಎರಡೂ ಬಹುಕಾಲ ಬೀಳಲಿಲ್ಲ.

3,35,50,336 ಐದನೆಯ ಪರಿಪೂರ್ಣ ಸಂಖ್ಯೆಯಾಗಿ 1456ರ ಒಂದು ಹಸ್ತಪ್ರತಿಯಲ್ಲಿ ಕಾಣಿಸುತ್ತದೆ. ಅದಕ್ಕಿಂತ ಮೊದಲೇ, 13ನೆಯ ಶತಮಾನದಲ್ಲಿ, ಇಬ್ನ್ ಫಲ್ಲೂಸ್ ಎಂಬ ಅರಬ್ ಗಣಿತಜ್ಞನ ಪಟ್ಟಿಯಲ್ಲಿಯೂ ಅದಿದೆ. 1536ರಲ್ಲಿ ಹುದಲ್ರಿಕಸ್ ರೇಗಿಯಸ್ ಎಂಬವನು 2047 = 23 × 89 ಎಂದು ಅಚ್ಚಿನಲ್ಲಿ ತೋರಿಸಿದ; ಶೇಷಸೊನ್ನೆ ಅವರು ಮೇಲೆ ಒಡೆದು ತೋರಿಸಿದ್ದು ಅದನ್ನೇ. ಆರನೆಯದನ್ನೂ ಏಳನೆಯದನ್ನೂ ಸಾಧಿಸಿದವನು ಕತಾಲ್ದಿ. ಅವನು 1603ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ 750ರವರೆಗಿನ ಅವಿಭಾಜ್ಯಗಳ ಪಟ್ಟಿಯಿತ್ತು; 1,31,071 ಮತ್ತು 5,24,287 ಇವೆರಡರ ವರ್ಗಮೂಲಗಳೂ ಅದರೊಳಗೇ ಬರುವುದರಿಂದ, ಒಂದೊಂದಾಗಿ ಭಾಗಿಸುವ ತಾಳ್ಮೆಯೊಂದಿದ್ದರೆ ಸಾಕಾಗಿತ್ತು. ಎಂಟನೆಯದಕ್ಕೆ ಜಗತ್ತು 1772ರವರೆಗೆ, ಆಯ್ಲರನ ಕಾಲದವರೆಗೆ ಕಾಯಬೇಕಾಯಿತು. ಅದು ಹತ್ತೊಂಬತ್ತು ಅಂಕಿಗಳ ಸಂಖ್ಯೆ.

ಗುಣಕಪ್ರಿಯ

ಇಬ್ಬರಿಗೂ ಧನ್ಯವಾದಗಳು. ಷರತ್ತು ಎಣಿಕೆಯದಲ್ಲ, ಮೊತ್ತದ್ದು ಎಂಬುದು ಈಗ ಸ್ಪಷ್ಟವಾಯಿತು. 2,29,264ನ್ನು ನಾನೇ ಕಳೆದು ನೋಡಿದೆ, ಸರಿಯಾಗಿದೆ. ಆದರೆ ಅಂಕಗಳ ಮೊತ್ತ ಎರಡರಲ್ಲೂ 28 ಬರುವುದನ್ನು ಯಾರೂ ಮುಟ್ಟಲಿಲ್ಲ. ಅದು ಬರಿಯ ಆಕಸ್ಮಿಕವೆಂದು ಒಪ್ಪಲು ಮನಸ್ಸು ಬರುತ್ತಿಲ್ಲ. ಎರಡನೆಯ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಬೀಜಾಕ್ಷರ

ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಒಂದು ಸಂಖ್ಯೆಯ ಗುಣಗಳನ್ನು ಪಟ್ಟಿ ಮಾಡುವ ಮೊದಲು, ಪ್ರತಿಯೊಂದು ಗುಣವೂ ಎಲ್ಲಿಂದ ಬಂತು ಎಂದು ಕೇಳಬೇಕು. ಕೆಲವು ಗುಣಗಳು ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಬಂದವು. ಕೆಲವು, ಎರಡರ ಘಾತವನ್ನು ಅದರ ಇಮ್ಮಡಿಗಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿದ ಆ ಅಚ್ಚಿನಿಂದ ಬಂದವು. ನಿಮ್ಮ ಅವಳಿಗಳಿಬ್ಬರಿಗೂ ಅವು ಸಮಾನ. ಉಳಿದ ಕೆಲವೇ ಕೆಲವು 8191 ಅವಿಭಾಜ್ಯವಾಗಿರುವುದರಿಂದ ಬಂದವು, ಅವು 3,35,50,336ಕ್ಕೆ ಮಾತ್ರ ಸಲ್ಲುತ್ತವೆ. ನೀವು ಹೋಲಿಸಿದ್ದೆಲ್ಲ ಮೊದಲ ಎರಡು ಬಗೆಯವು, ಆದ್ದರಿಂದಲೇ ಅವು ಪರಿಪೂರ್ಣತೆಯ ಬಗ್ಗೆ ಏನನ್ನೂ ಹೇಳಲಿಲ್ಲ.

28ರ ವಿಚಾರದಲ್ಲಿ ಅರ್ಧ ಕಾರಣವಿದೆ, ಅರ್ಧ ಆಕಸ್ಮಿಕ. ಪದಗಳ ಎಣಿಕೆ ಬೆಸವಾಗಿದ್ದರೆ, ಒಂದು ಪದವಷ್ಟೇ ಇರುವ ಪ್ರಕರಣವೂ ಸೇರಿ, ಈ ಅಚ್ಚಿನ ಪ್ರತಿಯೊಂದು ಸಂಖ್ಯೆಯನ್ನೂ 9ರಿಂದ ಭಾಗಿಸಿದಾಗ ಶೇಷ 1 ಬರುತ್ತದೆ: ಎರಡರ ಬೆಸ ಘಾತಗಳನ್ನು 9ರಿಂದ ಭಾಗಿಸಿದರೆ ಬರುವ ಶೇಷ 2, 8 ಅಥವಾ 5 ಮಾತ್ರ, ಅದರಿಂದ ಒಂದನ್ನು ಕಳೆದದ್ದರೊಂದಿಗೆ ಗುಣಿಸಿ ಅರ್ಧ ಮಾಡಿದರೆ ಕ್ರಮವಾಗಿ 1, 28, 10 ಬರುತ್ತವೆ, ಮೂರನ್ನೂ 9ರಿಂದ ಭಾಗಿಸಿದಾಗ ಉಳಿಯುವುದು 1. ಹಾಗಾಗಿ ಅಂಕಗಳ ಮೊತ್ತ 1, 10, 19, 28, 37 ಈ ಸಾಲಿನಲ್ಲೇ ಇರಬೇಕು. 496, 8128, 1,30,816 ಮೂರರಲ್ಲೂ ಅದು 19. ಏಳೆಂಟು ಅಂಕಿಗಳ ಸಂಖ್ಯೆಗೆ 28 ಬರುವುದು ಅತ್ಯಂತ ಸಹಜ. 28 ಪರಿಪೂರ್ಣವೆಂಬುದು ಅಲ್ಲಿ ಕಾಕತಾಳೀಯ. ನಂಬಿಕೆ ಬರದಿದ್ದರೆ ಎರಡನ್ನೂ ಎಂಟರ ಪದ್ಧತಿಯಲ್ಲಿ ಬರೆದುನೋಡಿ: 3,35,50,336 ಅಲ್ಲಿ 177770000 ಆಗುತ್ತದೆ, 20,96,128 ಅಲ್ಲಿ 7776000 ಆಗುತ್ತದೆ. ಅಂಕಗಳ ಮೊತ್ತ 29 ಮತ್ತು 27. ಬರವಣಿಗೆ ಬದಲಾದ ಕೂಡಲೇ ಪವಾಡ ಮಾಯವಾಯಿತು.

ಈ ಮೊದಲ ಬಗೆಯಲ್ಲೇ ಹ್ಯಾಪಿ ನಂಬರ್ ಎಂಬ ಆಟವೂ ಸೇರುತ್ತದೆ. ಅಂಕಗಳ ವರ್ಗಗಳನ್ನು ಕೂಡಿಸುತ್ತ ಹೋದಾಗ ಕೊನೆಗೆ 1 ಬಂದರೆ ಅದು ಹ್ಯಾಪಿ. 3,35,50,336ರಿಂದ 122, 9, 81, 65, 61, 37, 58, 89 ಎಂದು ಸಾಗಿ ಎಂದೂ ಮುಗಿಯದ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತೇವೆ. 20,96,128ರಿಂದ 190, 82, 68, 100, 1. ಅಂದರೆ ಪರಿಪೂರ್ಣವಾದದ್ದಕ್ಕೆ ಸುಖವಿಲ್ಲ, ಅಧಿಕವಾದದ್ದು ಸುಖವಾಗಿದೆ! ನಗುವುದಕ್ಕೆ ಚೆನ್ನಾಗಿದೆ, ಗಣಿತವಾಗಿ ಇದರಲ್ಲಿ ಹುರುಳಿಲ್ಲ. ಅಂಕಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗಳಿಗೆ ಕಾಪ್ರೇಕರ್ ಹರ್ಷದ ಎಂದು ಹೆಸರಿಟ್ಟರು. ಎರಡೂ 7ರಿಂದ ಭಾಗವಾಗದ ಕಾರಣ 28ರಿಂದಲೂ ಭಾಗವಾಗುವುದಿಲ್ಲ, ಹಾಗಾಗಿ ಎರಡೂ ಹರ್ಷದವಲ್ಲ.

ಅಚ್ಚಿನಿಂದ ಬರುವ ಗುಣಗಳಿಗೆ ತೂಕ ಹೆಚ್ಚು. 1ರಿಂದ 8191ರವರೆಗಿನ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ 3,35,50,336. ಆದ್ದರಿಂದ ಅದು 8191ನೆಯ ತ್ರಿಕೋನ ಸಂಖ್ಯೆ, ಜೊತೆಗೆ 4096ನೆಯ ಷಟ್ಕೋನ ಸಂಖ್ಯೆ. 1ರಿಂದ 127ರವರೆಗಿನ ಅರವತ್ತನಾಲ್ಕು ಬೆಸ ಸಂಖ್ಯೆಗಳ ಘನಗಳನ್ನು ಕೂಡಿಸಿದರೂ ಅದೇ ಬರುತ್ತದೆ. 20,96,128 ಕೂಡ ಹಾಗೆಯೇ 63ರವರೆಗಿನ ಬೆಸ ಘನಗಳ ಮೊತ್ತ. ಪರಿಪೂರ್ಣ ಸಂಖ್ಯೆಗಳ ವಿಸ್ಮಯವೆಂದು ಎಲ್ಲೆಲ್ಲೂ ಹೇಳುವ ಈ ಗುಣಕ್ಕೂ ಪರಿಪೂರ್ಣತೆಗೂ ಸಂಬಂಧವಿಲ್ಲ, ಎರಡರ ಘಾತಾಂಕ ಸಮವಾಗಿದ್ದು ಆ ಘಾತವೇ ಒಂದು ಪೂರ್ಣ ವರ್ಗವಾಗಿದ್ದರೆ ಸಾಕು.

ನನಗೆ ಅಚ್ಚುಮೆಚ್ಚಿನದು ವರ್ಗಗಳ ಮೊತ್ತದ ಗುಣ. ಯಾವುದೇ ಪೂರ್ಣ ಸಂಖ್ಯೆಯನ್ನೂ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದೆಂದು 1770ರಲ್ಲಿ ಲಗ್ರಾಂಜ್ ಸಾಧಿಸಿದ. ಮೂರೇ ವರ್ಗಗಳು ಎಲ್ಲಿ ಸಾಲವು ಎಂಬುದನ್ನು ಲೆಜಾಂಡ್ರ್ ಖಚಿತವಾಗಿ ಹೇಳಿದ: ನಾಲ್ಕರಿಂದ ಭಾಗಿಸುತ್ತ ಹೋಗಿ, ಇನ್ನು ಭಾಗವಾಗದೆಂಬಲ್ಲಿ ನಿಂತಾಗ ಉಳಿದದ್ದನ್ನು 8ರಿಂದ ಭಾಗಿಸಿ ಶೇಷ 7 ಬಂದರೆ ಮೂರು ಸಾಲವು. 3,35,50,336ನ್ನು ನಾಲ್ಕರಿಂದ ಆರು ಸಲ ಭಾಗಿಸಿದರೆ ಉಳಿಯುವುದು 8191. ಅದು 8192ಕ್ಕಿಂತ ಒಂದು ಕಡಿಮೆಯಾದ್ದರಿಂದ ಶೇಷ 7. ಹಾಗಾಗಿ ಈ ಸಂಖ್ಯೆಗೆ ನಾಲ್ಕು ವರ್ಗಗಳು ಬೇಕೇ ಬೇಕು. ಬರೆದು ತೋರಿಸುವುದೂ ಸುಲಭ: 8191ರಲ್ಲಿ 90ರ ವರ್ಗ 8100 ಹೋದರೆ ಉಳಿಯುವ 91 ಎಂಬುದು 81 + 9 + 1. ಎಲ್ಲವನ್ನೂ 64ರ ವರ್ಗದಿಂದ ಗುಣಿಸಿದರೆ 5760, 576, 192, 64 ಇವುಗಳ ವರ್ಗಗಳ ಮೊತ್ತ ಸರಿಯಾಗಿ 3,35,50,336. 6ನ್ನು ಬಿಟ್ಟು ಸಮ ಪರಿಪೂರ್ಣ ಸಂಖ್ಯೆಗಳಿಗೆಲ್ಲ ಇದೇ ನಿಯಮ, ಅವಳಿಗೂ ಇದೇ ನಿಯಮ.

ಮೂರನೆಯ ಬಗೆಯಲ್ಲಿ ಮೊದಲು ನಿಲ್ಲುವುದು ಪರಿಪೂರ್ಣತೆ, ಅದರ ಬೆನ್ನಿಗೇ ಭಾಜಕಗಳ ವ್ಯುತ್ಕ್ರಮಗಳ ಮೊತ್ತ ಸರಿಯಾಗಿ 2 ಆಗುವುದು. ಅದರಿಂದ ಹುಟ್ಟುವ ಇನ್ನೊಂದು ವರ್ಗವನ್ನು 1948ರಲ್ಲಿ ಓಯ್ಸ್ಟೈನ್ ಓರ ಪರಿಚಯಿಸಿದ: ಭಾಜಕಗಳ ಹರಾತ್ಮಕ ಸರಾಸರಿ (ಭಾಜಕಗಳ ಎಣಿಕೆಯನ್ನು ಅವುಗಳ ವ್ಯುತ್ಕ್ರಮಗಳ ಮೊತ್ತದಿಂದ ಭಾಗಿಸಿದಾಗ ಬರುವುದು) ಪೂರ್ಣ ಸಂಖ್ಯೆಯಾಗಿ ಬರುವ ಸಂಖ್ಯೆಗಳು. ನಮ್ಮ ಸಂಖ್ಯೆಗೆ ಒಟ್ಟು 26 ಭಾಜಕಗಳು, ವ್ಯುತ್ಕ್ರಮಗಳ ಮೊತ್ತ 2, ಆದ್ದರಿಂದ ಸರಾಸರಿ 13. ನೀವು ಆರಂಭಿಸಿದ ಪದಗಳ ಎಣಿಕೆಯೇ ಮರಳಿ ಬಂತು. ಅವಳಿಗೆ ಅದು 20.86ರ ಆಸುಪಾಸಿನ ಭಿನ್ನರಾಶಿ. ಪರಿಪೂರ್ಣ ಸಂಖ್ಯೆಗಳಿಗೆ ಮಾತ್ರ ಈ ಗುಣವಿರುವುದರಿಂದ ಇದನ್ನೇ ಪರೀಕ್ಷೆಯಾಗಿಯೂ ಬಳಸಬಹುದು.

ಶೇಷಸೊನ್ನೆ

ಬೀಜಾಕ್ಷರ ಅವರ ಕೊನೆಯ ವಾಕ್ಯಕ್ಕೆ ನನ್ನ ತಕರಾರಿದೆ. ಪರಿಪೂರ್ಣ ಸಂಖ್ಯೆಗಳಿಗೆಲ್ಲ ಆ ಗುಣವಿದೆ ಎಂಬುದು ಸರಿ, ಅವುಗಳಿಗೆ ಮಾತ್ರ ಇದೆ ಎಂಬುದು ತಪ್ಪು. 140ನ್ನು ತೆಗೆದುಕೊಳ್ಳಿ: ಭಾಜಕಗಳು 12, ಅವುಗಳ ಮೊತ್ತ 336, ಹರಾತ್ಮಕ ಸರಾಸರಿ 140 × 12 ÷ 336 = 5. ಆದರೆ 140 ಅಧಿಕ ಸಂಖ್ಯೆ. ಪರೀಕ್ಷೆಯಾಗಿ ಅದನ್ನು ಬಳಸಿದರೆ ಗುಣಕಪ್ರಿಯ ಅವರು ಮತ್ತೆ ಎರಡು ದಿನ ಪ್ರೋಗ್ರಾಮನ್ನು ಬಯ್ಯಬೇಕಾದೀತು.

ಅಚ್ಚಿನ ಗುಣಗಳ ಸಾಲಿಗೆ ಇನ್ನೊಂದನ್ನು ಸೇರಿಸುತ್ತೇನೆ. ತನಗಿಂತ ಚಿಕ್ಕದಾದ ಪ್ರತಿಯೊಂದು ಸಂಖ್ಯೆಯನ್ನೂ ತನ್ನ ಬೇರೆ ಬೇರೆ ಭಾಜಕಗಳ ಮೊತ್ತವಾಗಿ ತೋರಿಸಬಲ್ಲ ಸಂಖ್ಯೆಗಳನ್ನು ಪ್ರಾಕ್ಟಿಕಲ್ ಸಂಖ್ಯೆಗಳೆಂದು ಎ. ಕೆ. ಶ್ರೀನಿವಾಸನ್ 1948ರಲ್ಲಿ ಕರೆದರು. 3,35,50,336 ಅಂಥದ್ದು, ಮತ್ತು ಅದು ಹೇಗೆಂಬುದು ಕಣ್ಣಿಗೆ ಕಾಣುವಂತಿದೆ. ಒಂದು ಕೋಟಿಯನ್ನೇ ತೆಗೆದುಕೊಳ್ಳೋಣ. 8191ರಿಂದ ಭಾಗಿಸಿದರೆ ಭಾಗಲಬ್ಧ 1220, ಶೇಷ 6980. ಭಾಗಲಬ್ಧ 1024 + 128 + 64 + 4. ಶೇಷ 4096 + 2048 + 512 + 256 + 64 + 4. ಭಾಗಲಬ್ಧದ ನಾಲ್ಕು ತುಣುಕುಗಳನ್ನು 8191ರಿಂದ ಗುಣಿಸಿದರೆ ನಾಲ್ಕು ದೊಡ್ಡ ಭಾಜಕಗಳು, ಶೇಷದ ಆರು ತುಣುಕುಗಳು ಇದ್ದಂತೆಯೇ ಆರು ಚಿಕ್ಕ ಭಾಜಕಗಳು. ಹತ್ತೂ ಸೇರಿ ಒಂದು ಕೋಟಿ. ತಕ್ಕಡಿಯಲ್ಲಿ ಇಪ್ಪತ್ತಾರು ತೂಕದ ಕಲ್ಲುಗಳಿದ್ದು ಅಲ್ಲಿಯವರೆಗಿನ ಯಾವ ತೂಕವನ್ನಾದರೂ ತೂಗಬಹುದಾದಂತೆ ಇದು. 20,96,128ಕ್ಕೂ ಇದೇ ಭಾಗಾಕಾರ 2047ರಿಂದ ನಡೆಯುತ್ತದೆ. 23 ಮತ್ತು 89 ಅದಕ್ಕೆ ಅಡ್ಡಬರುವುದಿಲ್ಲ.

ಬೀಜಾಕ್ಷರ

140ರ ಮಾತು ಸರಿ, ನನ್ನ ವಾಕ್ಯವನ್ನು ಹಿಂತೆಗೆದುಕೊಂಡಿದ್ದೇನೆ. "ಎಲ್ಲ" ಮತ್ತು "ಮಾತ್ರ" ಇವೆರಡನ್ನು ಅದಲುಬದಲು ಮಾಡಿದ್ದಕ್ಕೇ ಈ ಚರ್ಚೆ ಆರಂಭವಾದದ್ದು, ನಾನೇ ಅದನ್ನು ಮತ್ತೆ ಮಾಡಿದೆ.

ಜರಡಿಯ ಬಗ್ಗೆ ಒಂದು ಸೇರ್ಪಡೆ: ಫರ್ಮಾನ ಷರತ್ತಿನ ಜೊತೆಗೆ, ಆ ಭಾಜಕವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಲೇಬೇಕೆಂಬ ಷರತ್ತೂ ಇದೆ, ಏಕೆಂದರೆ ಘಾತಾಂಕ ಬೆಸವಾಗಿದ್ದಾಗ ಆ ಭಾಜಕದ ಮಟ್ಟಿಗೆ 2 ಎಂಬುದು ಒಂದು ವರ್ಗದ ಶೇಷವಾಗುತ್ತದೆ. 53ನ್ನು 8ರಿಂದ ಭಾಗಿಸಿದರೆ ಶೇಷ 5, ಆದ್ದರಿಂದ ಅದನ್ನು ಭಾಗಿಸಿ ನೋಡುವ ಅಗತ್ಯವೇ ಇರಲಿಲ್ಲ. 8191ನ್ನು ಅವಿಭಾಜ್ಯವೆನ್ನಲು 79 ಒಂದರಿಂದ ಭಾಗಿಸಿದರೆ ಸಾಕು.

ಗುಣಕಪ್ರಿಯ

ಎರಡು ಷರತ್ತುಗಳನ್ನೂ ಪ್ರೋಗ್ರಾಮಿಗೆ ಸೇರಿಸಿದ್ದೇನೆ. ಭಾಜಕಗಳನ್ನೆಲ್ಲ ಕೂಡಿಸುವ ಮೊದಲು ಅದೀಗ ಮೊತ್ತ ಒಡೆಯುತ್ತದೆಯೇ ಎಂದು ನೋಡುತ್ತದೆ. ನಿನ್ನೆ ರಾತ್ರಿ ಮುಂದಿನ ಘಾತಾಂಕಗಳನ್ನು ಕೊಟ್ಟು ನೋಡಿದೆ. 17 ಮತ್ತು 19 ಒಡೆಯಲಿಲ್ಲ, ಅವು ಕತಾಲ್ದಿಯವು. 23ಕ್ಕೆ ಜರಡಿಯಲ್ಲಿ ಮೊದಲು ಉಳಿದ 47ರಿಂದಲೇ 83,88,607 ಭಾಗವಾಯಿತು. 29ಕ್ಕೆ 59 ಎರಡನೆಯ ಷರತ್ತಿನಲ್ಲಿ ಬಿತ್ತು, 117 ಮತ್ತು 175 ಅವಿಭಾಜ್ಯಗಳಲ್ಲ, ಮೊದಲು ಉಳಿದದ್ದು 233. ಅದರಿಂದಲೂ ಶೇಷ ಸೊನ್ನೆ. 31 ಒಡೆಯಲಿಲ್ಲ, ಅದು ಆಯ್ಲರನದು. 37ಕ್ಕೆ ಮೊದಲು ಉಳಿದ 223 ಮತ್ತೆ ಗುರಿ ಮುಟ್ಟಿತು. ಒಡೆಯುವಂಥದ್ದಾದರೆ ಜರಡಿಯಲ್ಲಿ ಮೊದಲು ಉಳಿದದ್ದೇ ಒಡೆಯುತ್ತದೆ ಎಂದು ಒಂದು ನಿಯಮವನ್ನೇ ಇಲ್ಲಿ ಬರೆಯಲು ಹೊರಟಿದ್ದೆ. ನಾಲ್ಕು ಸಾಕ್ಷಿಗಳಂತೂ ನನ್ನ ಬಳಿಯೂ ಇದ್ದವು. ಅಷ್ಟರಲ್ಲಿ 41ನ್ನು ಕೊಟ್ಟೆ. ಮೊದಲು ಉಳಿದದ್ದು 1231, ಅದರಿಂದ ಭಾಗವಾಗಲಿಲ್ಲ. ಅದರ ನಂತರದವೂ ಆಗಲಿಲ್ಲ. ಕೊನೆಗೆ ಸಿಕ್ಕಿದ್ದು 13,367.